ಹಿಮ ಬೀಳುವ ನಗರದಲ್ಲಿ ಹಸುಗೂಸಿನ ಅಪಹರಣವಾದರೆ: ಮೊದಲ ಗಂಟೆಗಳಲ್ಲಿ ಹೆತ್ತವರು ಮಾಡಬೇಕಾದದ್ದು, ಪೊಲೀಸರು ಮಾಡುವುದು

2022ರ ಡಿಸೆಂಬರ್ 19ರ ರಾತ್ರಿ, ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ಒಬ್ಬ ತಾಯಿ ಐದು ತಿಂಗಳ ಅವಳಿ ಗಂಡುಮಕ್ಕಳನ್ನು ಎಂಜಿನ್ ಚಾಲೂ ಇದ್ದ ಕಾರಿನಲ್ಲಿ ಬಿಟ್ಟು, ಪಿಜ್ಜಾ ಅಂಗಡಿಯಿಂದ ಒಂದು ಆರ್ಡರ್ ತರಲು ಒಳಗೆ ಹೋದರು. ಹೊರಬರುವಷ್ಟರಲ್ಲಿ ಕಾರು ಅಲ್ಲಿರಲಿಲ್ಲ. ಒಂದು ಮಗು ಬೆಳಗಾಗುವ ಮೊದಲೇ, ಸುಮಾರು 110 ಕಿಲೋಮೀಟರ್ ದೂರದ ಡೇಟನ್ ವಿಮಾನ ನಿಲ್ದಾಣದ ಪಾರ್ಕಿಂಗ್ ಜಾಗದಲ್ಲಿ ಸಿಕ್ಕಿತು. ಇನ್ನೊಂದು ಮಗು ಸಿಕ್ಕಿದ್ದು ಡಿಸೆಂಬರ್ 22ರಂದು, ಪಕ್ಕದ ಇಂಡಿಯಾನಾ ರಾಜ್ಯದ ಇಂಡಿಯಾನಾಪೊಲಿಸ್‌ನಲ್ಲಿ, ಕದ್ದೊಯ್ದ ಅದೇ ಕಾರಿನೊಳಗೆ. ಭಾರೀ ಶೀತಮಾರುತವೊಂದು ಆ ಪ್ರದೇಶದ ಮೇಲೆ ಎರಗುತ್ತಿದ್ದ ಹೊತ್ತು ಅದು. ಆರೋಪಿಯನ್ನು ಗುರುತಿಸಿ ಪೊಲೀಸರಿಗೆ ತಿಳಿಸಿದ ಇಬ್ಬರು ಸ್ಥಳೀಯ ಮಹಿಳೆಯರು ಅಷ್ಟಕ್ಕೇ ನಿಲ್ಲದೆ, ಒಂದು ಬಸ್ ವೇಳಾಪಟ್ಟಿಯ ಜಾಡು ಹಿಡಿದು ತಾವೇ ಹುಡುಕಲು ಹೊರಟದ್ದರಿಂದ ಆ ಕಾರು ಪತ್ತೆಯಾಯಿತು. ಎರಡೂ ಮಕ್ಕಳು ಜೀವಂತವಾಗಿ ಸಿಕ್ಕವು.

ಕೊಲಂಬಸ್, ಷಿಕಾಗೊ, ಮಿನಿಯಾಪೊಲಿಸ್, ಟೊರಾಂಟೊ, ಎಡ್ಮಂಟನ್‌ಗಳಂಥ ಊರುಗಳಲ್ಲಿ ಹಸುಗೂಸುಗಳಿರುವ ಕನ್ನಡದ ಮನೆಗಳು ಈಗ ಸಾಕಷ್ಟಿವೆ. ಬಾಣಂತನಕ್ಕೆಂದು ಊರಿನಿಂದ ಬಂದ ಅಜ್ಜಿ ತಾತಂದಿರು ಹಗಲೆಲ್ಲ ಮಗುವಿನೊಂದಿಗೆ ಇರುತ್ತಾರೆ. ಅವರಿಗೆ ಅಲ್ಲಿನ ಭಾಷೆಯೂ ವ್ಯವಸ್ಥೆಯೂ ಹೊಸದು. ಅಂಥ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಪೊಲೀಸರ ಬಳಿ ಎಷ್ಟೇ ಸಲಕರಣೆಗಳಿದ್ದರೂ ಅವರು ತನಿಖೆ ಶುರುಮಾಡುವುದು ಮನೆಯವರು ಕೊಡುವ ವಿವರಗಳಿಂದ. ಚಳಿಗಾಲದಲ್ಲಿ ಆ ವಿವರಗಳು ಬೇಗ ಸಿಗುವುದು ಇನ್ನಷ್ಟು ಮುಖ್ಯ, ಏಕೆಂದರೆ ಹಸುಗೂಸಿನ ಮೈ ದೊಡ್ಡವರ ಮೈಗಿಂತ ಬಹಳ ಬೇಗ ತಣ್ಣಗಾಗುತ್ತದೆ ಮತ್ತು ನಮ್ಮ ಹಾಗೆ ನಡುಗಿ ಬಿಸಿ ಹುಟ್ಟಿಸಿಕೊಳ್ಳಲು ಅದಕ್ಕೆ ಆಗುವುದಿಲ್ಲ.

ಮೊದಲ ಕರೆ 911ಕ್ಕೆ

ಮಗು ಇಲ್ಲವೆಂದು ಗೊತ್ತಾದ ಕ್ಷಣದಲ್ಲಿ ಕೈ ತಾನಾಗಿಯೇ ಗಂಡನಿಗೋ ಅಣ್ಣನಿಗೋ ಫೋನ್ ಮಾಡಲು ಹೋಗುತ್ತದೆ, ಇಲ್ಲವೇ ಕಾಲು ರಸ್ತೆಯತ್ತ ಓಡುತ್ತದೆ. ಎರಡನ್ನೂ ತಡೆದು ಮೊದಲು ತುರ್ತು ಸಹಾಯದ ಸಂಖ್ಯೆಯಾದ 911 ಒತ್ತಬೇಕು. ನೀವು ಇರುವ ಜಾಗ, ಮಗುವನ್ನು ಯಾರೋ ಕೊಂಡೊಯ್ದಿದ್ದಾರೆ ಎಂಬ ಮಾತು, ಮಗುವಿಗೆ ಎಷ್ಟು ತಿಂಗಳು, ಎಷ್ಟು ಹೊತ್ತಿನ ಹಿಂದೆ ನಡೆಯಿತು, ಕೊಂಡೊಯ್ದವರು ಅಥವಾ ಅವರ ವಾಹನ ಹೇಗಿತ್ತು, ಯಾವ ದಿಕ್ಕಿಗೆ ಹೋಯಿತು ಎಂಬುದನ್ನು ಇದೇ ಕ್ರಮದಲ್ಲಿ ಹೇಳಿ. ಕರೆ ಸ್ವೀಕರಿಸಿದವರು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಿದ್ದಾರೆಂದರೆ ಪೊಲೀಸರು ಇನ್ನೂ ಹೊರಟಿಲ್ಲ ಎಂದರ್ಥವಲ್ಲ. ನೀವು ಮಾತನಾಡುತ್ತಿರುವಾಗಲೇ ಸುದ್ದಿ ಗಸ್ತು ವಾಹನಗಳಿಗೆ ಹೋಗುತ್ತಿರುತ್ತದೆ. ಅವರು ಹೇಳುವವರೆಗೆ ಫೋನ್ ಇಡಬೇಡಿ, ಕಾರನ್ನು ಬೆನ್ನಟ್ಟಲು ಹೋಗಬೇಡಿ. ಮಂಜುಗಟ್ಟಿದ ರಸ್ತೆಯಲ್ಲಿ ಕಳ್ಳನು ಬೆದರಿ ವೇಗ ಹೆಚ್ಚಿಸಿದರೆ ಅಪಾಯವಾಗುವುದು ಒಳಗಿರುವ ಮಗುವಿಗೇ.

ನಮ್ಮಲ್ಲಿ ಹಲವರಿಗೆ ಠಾಣೆಗೆ ಹೋಗಿ ದೂರು ಬರೆದುಕೊಟ್ಟ ಮೇಲೆಯೇ ಕೆಲಸ ಆರಂಭವಾಗುತ್ತದೆ ಎಂಬ ಅಭ್ಯಾಸವಿದೆ. ಅಮೆರಿಕದಲ್ಲಿ ಠಾಣೆಗೆ ಹೋಗಬೇಕಾಗಿಲ್ಲ. ಪೊಲೀಸರೇ ನೀವಿರುವಲ್ಲಿಗೆ ಬರುತ್ತಾರೆ. ಕಾಣೆಯಾದವರಿಗಾಗಿ 24 ಗಂಟೆ ಕಾಯಬೇಕೆಂಬ ಮಾತಿಗೂ ಅಲ್ಲಿ ಆಧಾರವಿಲ್ಲ. ಮಕ್ಕಳ ವಿಷಯದಲ್ಲಿ ಅಂಥ ಕಾಯುವಿಕೆಯನ್ನು 1990ರ ಕೇಂದ್ರ ಕಾನೂನೇ ತಡೆಹಿಡಿದಿದೆ, ಮತ್ತು 2006ರ ಇನ್ನೊಂದು ಕಾನೂನಿನ ಪ್ರಕಾರ, ದೂರು ಬಂದ ಎರಡು ಗಂಟೆಯೊಳಗೆ ಮಗುವಿನ ವಿವರ ಎನ್‌ಸಿಐಸಿ ಎಂಬ ರಾಷ್ಟ್ರೀಯ ಅಪರಾಧ ಮಾಹಿತಿ ಜಾಲಕ್ಕೆ ಸೇರಬೇಕು. ವಿವರ ಸೇರಿಸಿದ್ದೀರಾ ಎಂದು ಅಧಿಕಾರಿಯನ್ನು ಕೇಳಲು ಸಂಕೋಚ ಬೇಡ.

ಅಜ್ಜಿ ತಾತಂದಿರಿಗೆ ಎರಡು ಸಂಗತಿಗಳನ್ನು ಮೊದಲೇ ಹೇಳಿಕೊಡಬೇಕು. ಇಂಗ್ಲಿಷ್ ಬಾರದಿದ್ದರೆ 911ರವರಿಗೆ ‘ಕನ್ನಡ’ ಎಂಬ ಒಂದು ಪದವನ್ನು ಸ್ಪಷ್ಟವಾಗಿ ಹೇಳಿದರೆ, ಅನೇಕ ಕಡೆ ಫೋನಿನಲ್ಲಿಯೇ ದುಭಾಷಿಯನ್ನು ಸೇರಿಸುವ ಏರ್ಪಾಡಿದೆ. ಇನ್ನೊಂದು, ಅಮೆರಿಕದಲ್ಲಿ ಸೇವಾ ಅವಧಿ ಮುಗಿದ ಮೊಬೈಲಿನಿಂದಲೂ 911ಕ್ಕೆ ಕರೆ ಹೋಗುತ್ತದೆ. ಆದರೆ ಕರೆ ನಡುವೆ ಕಡಿದರೆ ಅವರು ಆ ಫೋನಿಗೆ ಮರಳಿ ಕರೆಯಲಾರರು. ಆದ್ದರಿಂದ ಬೇರೆ ಮಾತಿಗಿಂತ ಮೊದಲು ವಿಳಾಸ ಹೇಳಬೇಕು, ಆ ವಿಳಾಸವನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಬೇಕು.

ಕಾರಿನೊಂದಿಗೆ ಮಗು ಹೋದಾಗ

ಚಳಿಯ ಊರುಗಳಲ್ಲಿ ಬೆಳಗ್ಗೆ ಕಾರನ್ನು ಚಾಲೂ ಮಾಡಿ, ಒಳಗೆ ಬಿಸಿಯಾಗಲೆಂದು ಬಿಟ್ಟು ಮನೆಯೊಳಗೆ ಬರುವ ರೂಢಿಯಿದೆ. ಕಾರು ಕಳ್ಳರು ಕಾಯುವುದು ಅಂಥ ಕಾರುಗಳಿಗೇ, ಮತ್ತು ಎಷ್ಟೋ ಸಲ ಹಿಂದಿನ ಸೀಟಿನಲ್ಲಿ ಮಗುವಿದೆ ಎಂದು ಕದ್ದವರಿಗೆ ಗೊತ್ತಾಗುವುದೇ ಮುಂದೆ ಹೋದ ಮೇಲೆ. ಒಂದು ಆರ್ಡರ್, ಒಂದು ಪ್ಯಾಕೆಟ್ ಹಾಲು, ಮರೆತುಬಂದ ಕೈಚೀಲ, ಯಾವುದೇ ಇರಲಿ, ಮಗುವನ್ನು ಎತ್ತಿಕೊಂಡೇ ಹೋಗಿ. ಸೀಟ್ ಬೆಲ್ಟ್ ಬಿಚ್ಚಿ ಕಟ್ಟುವ ತೊಂದರೆ ಎಷ್ಟೆಂದು ಪುಟ್ಟ ಮಕ್ಕಳನ್ನು ಸಾಕಿದವರಿಗೆಲ್ಲ ಗೊತ್ತು. ಆದರೂ ಈ ಒಂದು ವಿಷಯದಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡಲಾರೆ.

ಇನ್ನೊಂದು ವಿವರವನ್ನೂ ಗಮನಿಸಬೇಕು. ದಪ್ಪ ಕೋಟು ತೊಡಿಸಿ ಅದರ ಮೇಲೆ ಕಾರ್ ಸೀಟಿನ ಬೆಲ್ಟ್ ಬಿಗಿಯಬಾರದೆಂದು ಮಕ್ಕಳ ವೈದ್ಯರು ಹೇಳುತ್ತಾರೆ, ಏಕೆಂದರೆ ಅಪಘಾತವಾದಾಗ ಕೋಟು ಕುಗ್ಗಿ ಬೆಲ್ಟ್ ಸಡಿಲವಾಗುತ್ತದೆ. ಆ ಸಲಹೆ ಸರಿಯಾದದ್ದೇ. ಆದರೆ ಇದರಿಂದಾಗಿ ಕಾರಿನಲ್ಲಿರುವ ಮಗು ತೆಳುವಾದ ಬಟ್ಟೆಯಲ್ಲಿರುತ್ತದೆ, ಮತ್ತು ಎಂಜಿನ್ ನಿಂತ ಮೇಲೆ ಕಾರಿನೊಳಗಿನ ಬಿಸಿ ಬಹಳ ಹೊತ್ತು ಉಳಿಯುವುದಿಲ್ಲ. ಹೀಗಾಗಿ ಮಗು ಏನು ತೊಟ್ಟಿತ್ತು, ಮೇಲೆ ಕಂಬಳಿ ಇತ್ತೇ, ಕೊನೆಯ ಬಾರಿ ಹಾಲು ಕುಡಿದದ್ದು ಯಾವಾಗ ಎಂಬುದನ್ನು ಪೊಲೀಸರಿಗೆ ತಿಳಿಸುವುದು ಅಗತ್ಯ.

ಕಾರಿನ ನೋಂದಣಿ ಸಂಖ್ಯೆ ಬಾಯಿಪಾಠವಿರಲಿ, ಅದರ ಫೋಟೊ ಮೊಬೈಲಿನಲ್ಲಿರಲಿ. ಹೆದ್ದಾರಿಗಳಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳಿದ್ದರೂ, ಹಿಮವೂ ರಸ್ತೆಯ ಉಪ್ಪೂ ಮೆತ್ತಿಕೊಂಡ ಪ್ಲೇಟನ್ನು ಅವು ಓದಲಾರವು. ಆಗ ಬಾಗಿಲ ಮೇಲಿನ ನಗ್ಗು, ಹಿಂದಿನ ಸ್ಟಿಕ್ಕರ್, ಒಡೆದ ದೀಪದಂಥ ಗುರುತುಗಳೇ ಕೆಲಸಕ್ಕೆ ಬರುತ್ತವೆ. ನಿಮ್ಮ ಫೋನ್, ಟ್ಯಾಬ್ಲೆಟ್ ಅಥವಾ ಬೇರೆ ಯಾವುದಾದರೂ ಟ್ರ್ಯಾಕರ್ ಕಾರಿನಲ್ಲೇ ಉಳಿದಿದ್ದರೆ ಅದನ್ನು ಮೊದಲ ಕರೆಯಲ್ಲೇ ಹೇಳಿ. ಕಾರಿನ ಕಂಪನಿಯ ಆ್ಯಪ್ ಮೂಲಕ ಕಾರು ಎಲ್ಲಿದೆಯೆಂದು ತಿಳಿಯುವ ಸೌಲಭ್ಯವಿದ್ದರೆ ಅದರ ಚಂದಾ ಜೀವಂತವಾಗಿರಲಿ. 2023ರ ಫೆಬ್ರುವರಿಯಲ್ಲಿ ಷಿಕಾಗೊ ಸಮೀಪದ ಲೇಕ್ ಕೌಂಟಿಯಲ್ಲಿ ಎರಡು ವರ್ಷದ ಮಗುವಿದ್ದ ಕಾರನ್ನು ಕಸಿದುಕೊಂಡು ಹೋದಾಗ, ಕಾರಿನ ಸ್ಥಳ ತಿಳಿಸಬೇಕಾದ ಸೇವೆಯವರು, ಮುಗಿದುಹೋದ ಚಂದಾಕ್ಕೆ 150 ಡಾಲರ್ ಕಟ್ಟಿದ ಮೇಲೆಯೇ ಮಾಹಿತಿ ಕೊಡುವುದಾಗಿ ಹೇಳಿದರೆಂದು ಅಲ್ಲಿನ ಶೆರಿಫ್ ಕಚೇರಿ ಬಹಿರಂಗವಾಗಿ ತಿಳಿಸಿತು. ಮಗು ಕ್ಷೇಮವಾಗಿ ಸಿಕ್ಕಿತು. ಆದರೂ ಅಂಥ ಹೊತ್ತಿನಲ್ಲಿ ಒಂದು ನಿಮಿಷದ ಚರ್ಚೆಯೂ ಆಗಬಾರದಾಗಿತ್ತು.

ಮಗುವಿನ ಗುರುತು

ಕೆಲವು ತಿಂಗಳ ಮಕ್ಕಳ ಮುಖಗಳು ಅಪರಿಚಿತರ ಕಣ್ಣಿಗೆ ಒಂದೇ ತೆರನಾಗಿ ಕಾಣುತ್ತವೆ. ಆದ್ದರಿಂದ ತಿಂಗಳಿಗೊಮ್ಮೆಯಾದರೂ ಮುಖ ನೇರವಾಗಿ ಕಾಣುವ, ಟೋಪಿಯಿಲ್ಲದ ಫೋಟೊ ತೆಗೆದಿಡಿ. ಹುಟ್ಟುಮಚ್ಚೆಗಳದ್ದೂ ಪ್ರತ್ಯೇಕವಾಗಿ ಇರಲಿ. ನಮ್ಮ ಮಕ್ಕಳ ಬೆನ್ನಿನ ಕೆಳಭಾಗದಲ್ಲಿ ಸಾಮಾನ್ಯವಾಗಿ ಕಾಣುವ ನೀಲಿ ಮಚ್ಚೆಯನ್ನು ಅದರ ಪರಿಚಯವಿಲ್ಲದವರು ಪೆಟ್ಟಿನ ಗುರುತೆಂದು ತಪ್ಪು ತಿಳಿಯಬಹುದಾದ್ದರಿಂದ, ಅದು ಹುಟ್ಟಿನಿಂದ ಬಂದದ್ದೆಂದು ಮೊದಲೇ ಹೇಳಬೇಕು. ಉಡಿದಾರ, ಕಾಲಿನ ಬೆಳ್ಳಿ ಗೆಜ್ಜೆ, ಕಪ್ಪು ಬಳೆ, ಕೆನ್ನೆಯ ದೃಷ್ಟಿಬೊಟ್ಟು, ಚುಚ್ಚಿಸಿದ ಕಿವಿ, ಇವೆಲ್ಲ ನಮಗೆ ಎಷ್ಟು ಸಹಜವೆಂದರೆ ಹೇಳಲೇ ಮರೆಯುತ್ತೇವೆ. ಅಲ್ಲಿನ ಪೊಲೀಸರಿಗಾದರೋ ಸೊಂಟದಲ್ಲಿ ಕಪ್ಪು ದಾರವಿರುವ ಮಗು ಎಂಬುದು ಸಾವಿರದಲ್ಲಿ ಒಂದನ್ನು ಬೇರ್ಪಡಿಸುವ ಗುರುತು. ಯಾವ ಔಷಧಿ ನಡೆಯುತ್ತಿದೆ, ಯಾವ ಅಲರ್ಜಿ ಇದೆ ಎಂಬುದನ್ನೂ ಜೊತೆಗೆ ಕೊಡಿ.

ಹಿಮದ ಮೇಲಿನ ಸಾಕ್ಷ್ಯ

ಮನೆಯಿಂದಲೇ ಮಗುವನ್ನು ಕೊಂಡೊಯ್ದಿದ್ದರೆ ಅಂಗಳದ ಹಿಮದಲ್ಲಿ ಹೆಜ್ಜೆಯ ಮತ್ತು ಚಕ್ರದ ಗುರುತುಗಳಿರಬಹುದು. ತಜ್ಞರು ಆ ಗುರುತಿನ ಮೇಲೆ ಒಂದು ಬಗೆಯ ಮೇಣವನ್ನು ಸಿಂಪಡಿಸಿ ಗಟ್ಟಿಮಾಡಿ, ನಂತರ ಅಚ್ಚು ತೆಗೆಯುತ್ತಾರೆ. ಅಯ್ಯೋ ಎಂದು ಓಡಿಬಂದ ನೆರೆಹೊರೆಯವರ ಬೂಟುಗಳಿಗೆ ಆ ಗುರುತು ಸಿಕ್ಕಿದರೆ ಅಚ್ಚು ತೆಗೆಯಲು ಏನೂ ಉಳಿಯುವುದಿಲ್ಲ. ಆದ್ದರಿಂದ ಬಂದವರನ್ನು ಒಂದೇ ದಾರಿಯಲ್ಲಿ ನಡೆಸಿ, ಹಿಮ ಗುಡಿಸುವುದನ್ನೂ ಉಪ್ಪು ಚೆಲ್ಲುವುದನ್ನೂ ನಿಲ್ಲಿಸಿ. ಹಿಮ ಬೀಳುತ್ತಿದ್ದರೆ ಗುರುತಿನ ಪಕ್ಕದಲ್ಲಿ ಒಂದು ನಾಣ್ಯವನ್ನೋ ಅಳತೆಪಟ್ಟಿಯನ್ನೋ ಇಟ್ಟು ಮೇಲಿನಿಂದ ನೇರವಾಗಿ ಫೋಟೊ ತೆಗೆದುಕೊಳ್ಳಿ. ತೊಟ್ಟಿಲ ಬಟ್ಟೆ, ಮಗುವಿನ ಅಂಗಿ, ಹಾಲಿನ ಬಾಟಲಿಗಳನ್ನು ಯಾರೂ ಮುಟ್ಟಬಾರದು, ತೊಳೆಯಬಾರದು. ನಾಯಿಗಳಿಗೆ ವಾಸನೆ ಹಿಡಿಸಲು, ಡಿಎನ್‌ಎ ತೆಗೆಯಲು ಅವು ಬೇಕಾಗುತ್ತವೆ. ಬಾಗಿಲ ಕ್ಯಾಮೆರಾಗಳ ದೃಶ್ಯಗಳು ಕೆಲವು ದಿನಗಳಲ್ಲಿ ಅಳಿದುಹೋಗುವುದರಿಂದ ಅಕ್ಕಪಕ್ಕದವರಿಗೆ ಅದನ್ನು ಉಳಿಸಿಡಲು ಆ ಗಂಟೆಯಲ್ಲೇ ಹೇಳಿ.

ಶಾಖ ಗುರುತಿಸುವ ಕ್ಯಾಮೆರಾ ಹೊತ್ತ ಡ್ರೋನ್‌ಗಳು ತಣ್ಣನೆಯ ಬಯಲಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಅವು ಗಾಜಿನ ಮೂಲಕ ನೋಡಲಾರವು, ಅಂದರೆ ಮುಚ್ಚಿದ ಕಾರಿನೊಳಗಿರುವ ಮಗುವನ್ನು ಮೇಲಿನಿಂದ ಕಾಣಲಾರವು. ಪಾರ್ಕಿಂಗ್ ಜಾಗಗಳಲ್ಲಿ ಹಿಮ ಮುಚ್ಚಿದ ಒಂದೊಂದು ಕಾರಿನ ಕಿಟಕಿಯನ್ನೂ ಮನುಷ್ಯರೇ ಒರೆಸಿ ನೋಡಬೇಕಾಗುತ್ತದೆ, ಮತ್ತು ಸ್ವಯಂಸೇವಕರ ನೆರವು ನಿಜವಾಗಿ ಬೇಕಾಗುವುದು ಅಲ್ಲಿ. ಪೊಲೀಸರು ಪ್ರದೇಶ ಹಂಚಿಕೊಟ್ಟ ಮೇಲೆ ಹೊರಡಬೇಕೇ ಹೊರತು ಗುಂಪಾಗಿ ಕಂಡಲ್ಲಿಗೆ ನುಗ್ಗಬಾರದು.

ವಿಚಾರಣೆಯನ್ನು ಎದುರಿಸುವುದು

ತಂದೆ ತಾಯಿಯನ್ನು ಬೇರೆ ಬೇರೆಯಾಗಿ ಕೂರಿಸಿ ಪ್ರಶ್ನಿಸುತ್ತಾರೆ. ದಂಪತಿಗಳಲ್ಲಿ ಜಗಳವಿತ್ತೇ, ಸಾಲವಿದೆಯೇ, ಮನೆಗೆ ಯಾರು ಬಂದುಹೋಗುತ್ತಿದ್ದರು, ಬಾಣಂತಿಯ ಮನಸ್ಸಿನ ಸ್ಥಿತಿ ಹೇಗಿತ್ತು ಎಂದೂ ಕೇಳುತ್ತಾರೆ. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಇಂಥ ಪ್ರಶ್ನೆ ಇಡುವುದು ಕ್ರೂರವೆನಿಸಿದರೂ, ಅಪಹರಣಗಳಲ್ಲಿ ದೊಡ್ಡ ಪಾಲು ಕುಟುಂಬದವರಿಂದಲೇ ಆಗುವುದರಿಂದ ಒಳಗಿನವರನ್ನು ಬೇಗ ಪರಿಶೀಲಿಸಿ ಮುಗಿಸಿದಷ್ಟೂ ತನಿಖೆ ಬೇಗ ಹೊರಕ್ಕೆ ಹರಡುತ್ತದೆ. ಮಾನ ಹೋಗುತ್ತದೆಂದು ಯಾವ ಸಂಗತಿಯನ್ನೂ ಮುಚ್ಚಿಡಬೇಡಿ. ನೆಂಟರನ್ನು ದುಭಾಷಿಯಾಗಿಸಿಕೊಳ್ಳದೆ ವೃತ್ತಿಪರ ದುಭಾಷಿಯನ್ನೇ ಕೇಳಿ. ಸೊಸೆಯ ಮಾತನ್ನು ಮೈದುನ ಅನುವಾದಿಸುವಾಗ ಕೆಲವು ಮಾತುಗಳು ಸೋಸಿಹೋಗುತ್ತವೆ. ವಕೀಲರ ನೆರವು ಕೇಳುವುದು ನಿಮ್ಮ ಹಕ್ಕು. ಹೆತ್ತವರಲ್ಲಿ ಒಬ್ಬರೇ ಮಗುವನ್ನು ಭಾರತಕ್ಕೆ ಕೊಂಡೊಯ್ಯುವ ಸಂಶಯವಿದ್ದರೆ ಪಾಸ್‌ಪೋರ್ಟ್ ಎಲ್ಲಿದೆಯೆಂದು ತಕ್ಷಣ ತಿಳಿಸಿ, ಏಕೆಂದರೆ ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಪ್ಪಂದದಲ್ಲಿ ಭಾರತ ಸೇರಿಲ್ಲ, ವಿಮಾನ ಹಾರಿದ ಮೇಲೆ ಮಗುವನ್ನು ಮರಳಿ ಪಡೆಯುವ ದಾರಿ ಬಹಳ ಉದ್ದವಾಗುತ್ತದೆ.

ಹನ್ನೆರಡು ವರ್ಷದೊಳಗಿನ ಮಕ್ಕಳು ನಿಗೂಢವಾಗಿ ಕಾಣೆಯಾದರೆ, ರಾಜ್ಯದ ಗಡಿ ದಾಟಿದ್ದಾರೆಂಬ ಸುಳಿವಿಗೆ ಕಾಯದೆಯೇ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐ ತನಿಖೆಗೆ ಸೇರಬಹುದು. 1984ರಲ್ಲಿ ಆರಂಭವಾದ, ಕಾಣೆಯಾದ ಮಕ್ಕಳ ರಾಷ್ಟ್ರೀಯ ಕೇಂದ್ರದ ಸಹಾಯವಾಣಿ 1-800-843-5678ಕ್ಕೆ ಪೊಲೀಸರ ಬಳಿಕ ನೀವೂ ಕರೆ ಮಾಡಬೇಕು.

ಆಂಬರ್ ಅಲರ್ಟ್

1996ರಲ್ಲಿ ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಒಂಬತ್ತು ವರ್ಷದ ಬಾಲಕಿಯ ಅಪಹರಣ ಮತ್ತು ಕೊಲೆ ನಡೆದ ಮೇಲೆ ಹುಟ್ಟಿದ, ಅಪಹೃತ ಮಗುವಿನ ವಿವರವನ್ನು ಎಚ್ಚರಿಕೆಯಾಗಿ ಜನರಿಗೆ ತಲುಪಿಸುವ ವ್ಯವಸ್ಥೆಯಿದು. ಇದನ್ನು ಹೊರಡಿಸುವವರು ಅಧಿಕಾರಿಗಳು, ಹೆತ್ತವರಲ್ಲ. ಅಪಹರಣವಾಗಿದೆಯೆಂಬ ನಂಬಿಕೆ, ಮಗುವಿನ ಜೀವಕ್ಕೆ ಅಪಾಯ, ಜನ ಗುರುತಿಸುವಷ್ಟು ವಿವರ, ಈ ಮೂರೂ ಇರಬೇಕೆಂಬುದು ಸಾಮಾನ್ಯ ಮಾನದಂಡ. ರಾಜ್ಯದಿಂದ ರಾಜ್ಯಕ್ಕೆ ಸ್ವಲ್ಪ ವ್ಯತ್ಯಾಸವಿರುತ್ತದೆ. ಕೊಲಂಬಸ್ ಪ್ರಕರಣದಲ್ಲಿಯೂ ಕಾರು ಹೋದ ಕೆಲವು ಗಂಟೆಗಳ ನಂತರ, ಮಧ್ಯರಾತ್ರಿ ಕಳೆದ ಮೇಲೆ ಎಚ್ಚರಿಕೆ ಹೊರಬಿತ್ತು.

ಈ ಎಚ್ಚರಿಕೆ ನಿಮ್ಮ ಫೋನಿಗೆ ಬಂದಾಗ ಸದ್ದಿಗೆ ಬೇಸರಪಟ್ಟು ಮುಚ್ಚಬೇಡಿ. ಭಾರತೀಯರು ದೊಡ್ಡ ಸಂಖ್ಯೆಯಲ್ಲಿರುವ ಕೆನಡಾದ ಬ್ರಾಂಪ್ಟನ್‌ನಲ್ಲಿ 2019ರ ಫೆಬ್ರುವರಿಯ ಒಂದು ರಾತ್ರಿ ಬಾಲಕಿಯೊಬ್ಬಳಿಗಾಗಿ ಎಚ್ಚರಿಕೆ ಹೊರಟಾಗ, ನಿದ್ದೆ ಕೆಟ್ಟಿತೆಂದು ದೂರಲು 911ಕ್ಕೇ ಕರೆ ಮಾಡಿದವರಿದ್ದರು. ಅದೇ ಎಚ್ಚರಿಕೆಯನ್ನು ನೋಡಿ ಒಬ್ಬ ನಾಗರಿಕರು ಕೊಟ್ಟ ಸುಳಿವಿನಿಂದಲೇ ಆರೋಪಿಯ ವಾಹನ ಪತ್ತೆಯಾಯಿತು. ಆ ಬಾಲಕಿ ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಮತ್ತು ನಾಮಕರಣದ ಮೊದಲು

ಹಸುಗೂಸನ್ನು ಆಸ್ಪತ್ರೆಯಿಂದಲೋ ಮನೆಯಿಂದಲೋ ಕದಿಯುವ ಹೊರಗಿನವರು ಹೆಚ್ಚಾಗಿ ಹೆಂಗಸರು. ಗರ್ಭಿಣಿಯೆಂದು ನಟಿಸಿಕೊಂಡು ಬಂದವರು, ದಾದಿಯ ವೇಷದಲ್ಲಿ ಬರುವವರು ಅವರಲ್ಲಿ ಸೇರಿದ್ದಾರೆ. ಆಸ್ಪತ್ರೆ ಹೇಳಿದ ವಿಶೇಷ ಗುರುತಿನ ಬಿಲ್ಲೆ ಇಲ್ಲದವರ ಕೈಗೆ ಮಗುವನ್ನು ಕೊಡಬೇಡಿ. ನಾಮಕರಣದ ಆಹ್ವಾನವನ್ನು ಮನೆಯ ವಿಳಾಸ ಸಹಿತ ಎಲ್ಲರೂ ನೋಡುವ ಹಾಗೆ ಹಾಕಬೇಡಿ.

ಮಗು ಸಿಕ್ಕಿದಾಗ

ಸಿಕ್ಕಿದ ಕೂಡಲೇ 911ಕ್ಕೆ ತಿಳಿಸಿ, ಮಗುವನ್ನು ಬೆಚ್ಚನೆಯ ಕೋಣೆಗೆ ತನ್ನಿ. ಒದ್ದೆ ಬಟ್ಟೆ ತೆಗೆದು ಮೈ ಒರೆಸಿ, ತಲೆಗೆ ಟೋಪಿ ಹಾಕಿ, ನಿಮ್ಮ ಎದೆಯ ಬರಿಮೈಗೆ ಅದನ್ನು ಒತ್ತಿಕೊಂಡು ಮೇಲಿನಿಂದ ಕಂಬಳಿ ಹೊದೆಯಿರಿ. ಕೈಕಾಲು ಉಜ್ಜಬಾರದು, ಬಿಸಿನೀರಿನ ಸ್ನಾನ ಮಾಡಿಸಬಾರದು, ಬಿಸಿ ಚೀಲವನ್ನು ನೇರವಾಗಿ ಚರ್ಮಕ್ಕೆ ತಾಗಿಸಬಾರದು. ಮೈ ತಣ್ಣಗಿದ್ದು ಮಗು ಅಳದೆ ಮಂಕಾಗಿದ್ದರೆ ನಿದ್ದೆಯೆಂದು ಸಮಾಧಾನ ಪಡಬಾರದು, ಅದು ಮೈಬಿಸಿ ಅಪಾಯಕರವಾಗಿ ಇಳಿದಿರುವ ಲಕ್ಷಣವಿರಬಹುದು. ತೆಗೆದ ಬಟ್ಟೆಗಳನ್ನು ಕಾಗದದ ಚೀಲದಲ್ಲಿ ಹಾಕಿ ಪೊಲೀಸರಿಗೆ ಕೊಡಿ, ಆಸ್ಪತ್ರೆಯ ಪರೀಕ್ಷೆಯನ್ನು ತಪ್ಪಿಸಬೇಡಿ. ಆಮೇಲೆ ಕನ್ನಡ ಕೂಟದ ಮತ್ತು ನೆಂಟರ ವಾಟ್ಸ್‌ಆ್ಯಪ್ ಗುಂಪುಗಳಿಗೆಲ್ಲ ಮಗು ಸಿಕ್ಕಿದೆಯೆಂದು ಒಂದು ಸಂದೇಶ ಕಳುಹಿಸಿ, ಹಂಚಿದ್ದ ಫೋಟೊಗಳನ್ನು ಅಳಿಸಲು ಕೇಳಿಕೊಳ್ಳಿ; ಇಲ್ಲವಾದರೆ ಹಳೆಯ ಸಂದೇಶ ವರ್ಷಗಳ ನಂತರವೂ ಸುತ್ತುತ್ತಿದ್ದು, ಪೊಲೀಸರ ಸುಳಿವಿನ ಫೋನುಗಳಿಗೆ ಸುಳ್ಳು ಕರೆಗಳನ್ನು ತರುತ್ತಿರುತ್ತದೆ.