ಮೊದಲು ಕಣ್ಣು ನೋಡಿ, ಆಮೇಲೆ ಉಸಿರು

ರಾತ್ರಿ ಪಾಳಿಯ ನರ್ಸ್ ನಾನು. ಡ್ರಗ್ ಹೆಚ್ಚಾಗಿ ಬಿದ್ದವರನ್ನು ಕರೆತಂದಾಗ, ಯಾವ ಡ್ರಗ್ ಅಂತ ಜೊತೆಗೆ ಬಂದವರು ನಿಜ ಹೇಳುವುದು ಕಡಿಮೆ. ಅದಕ್ಕೇ ಮೊದಲು ಕಣ್ಣಿಗೆ ಟಾರ್ಚ್ ಬಿಡುತ್ತೇನೆ.

ಪಾಪೆ ಸೂಜಿಮೊನೆಯಷ್ಟಿದ್ದರೆ ಹೆರಾಯಿನ್, ಮಾರ್ಫಿನ್ ಜಾತಿಯದು ಇರಬಹುದು. ಇವು ಮೆದುಳಿನಲ್ಲಿ ಉಸಿರಾಟ ನಡೆಸುವ ಭಾಗವನ್ನೇ ಮಂಕು ಮಾಡುತ್ತವೆ. "ಗೊರಕೆ ಹೊಡೀತಿದ್ದ, ಸುಮ್ನೆ ಮಲಗಲಿ ಅಂತ ಬಿಟ್ವಿ" ಅಂದಿದ್ದ ಒಬ್ಬ ಗೆಳೆಯ. ಅದು ಗೊರಕೆಯಲ್ಲ, ಉಸಿರು ಕಟ್ಟುವ ಸದ್ದು! ಅಲುಗಿಸಿದರೂ ಏಳದಿದ್ದರೆ, ತುಟಿ ನೀಲಿಯಾದರೆ, ತಕ್ಷಣ ಆಂಬುಲೆನ್ಸ್ ಕರೆಯಿರಿ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಈ ಜಾತಿಯ ಡ್ರಗ್‌ನ ಪರಿಣಾಮ ತಡೆಯುವ ಔಷಧಿ ನಲೋಕ್ಸೋನ್ ಕೊಟ್ಟ ಮೇಲೆ ಎದ್ದು ಕೂತರೂ ಬಿಟ್ಟು ಹೋಗಬೇಡಿ. ಅದರ ಶಕ್ತಿ 30ರಿಂದ 90 ನಿಮಿಷದಲ್ಲಿ ಇಳಿಯುತ್ತದೆ, ಡ್ರಗ್ ಇನ್ನೂ ಒಳಗಿರುತ್ತದೆ.

ಕೊಕೇನ್ ಉಲ್ಟಾ: ಪಾಪೆ ಅಗಲ, ಎದೆ ಡವಡವ, ಮೈ ಕೆಂಡ. ಮೈ ತಣ್ಣಗೆ ಮಾಡಿ, ಎದೆನೋವು ಅಂದರೆ ಕಾಯಬೇಡಿ.

ಮದ್ಯದ ಮೇಲೆ ನಿದ್ರೆ ಮಾತ್ರೆ ನುಂಗಿದ್ದರೆ ಪಾಪೆ ನಂಬಬೇಡಿ, ಉಸಿರನ್ನೇ ಎಣಿಸಿ.