ನೆಲದಡಿಯಿಂದ ನುಸುಳುವ ರೇಡಾನ್: ಹೊರಗಟ್ಟುವುದು ಹೇಗೆ?

ರೇಡಾನ್ ಎಂದಕೂಡಲೇ ನೆಲದ ಬಿರುಕು ಮುಚ್ಚಲು ಸಿಮೆಂಟ್ ಕಲಸುವವರಿದ್ದಾರೆ. ಆತುರ ಬೇಡ, ಮೊದಲು ಅಳೆಯಿರಿ. ಮಣ್ಣು, ಬಂಡೆಗಳಲ್ಲಿನ ಯುರೇನಿಯಂ ಕ್ಷಯಿಸುತ್ತಾ ಹುಟ್ಟುವ ಈ ವಿಕಿರಣಶೀಲ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಧೂಮಪಾನ ಮಾಡದವರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ಗೆ ಇದು ಪ್ರಮುಖ ಕಾರಣ. ಸೇದುವವರಿಗೆ ಅಪಾಯ ಇನ್ನೂ ಹಲವು ಪಟ್ಟು.

ಅಳತೆಯ ಪುಟ್ಟ ಡಬ್ಬಿಯನ್ನು ಜನ ವಾಸಿಸುವ ಅತಿ ಕೆಳಗಿನ ಕೋಣೆಯಲ್ಲಿಡಿ. ಅಡುಗೆಮನೆ, ಬಚ್ಚಲು ಬೇಡ. ರೇಡಾನ್ ಮಟ್ಟ ಹಗಲಿಗೊಂದು, ರಾತ್ರಿಗೊಂದು. ಹಾಗಾಗಿ ಮೂರು ತಿಂಗಳ ಸರಾಸರಿಯೇ ನಂಬಿಕೆಗೆ ಅರ್ಹ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಪ್ರತಿ ಘನ ಮೀಟರ್‌ ಗಾಳಿಗೆ 100 ಬೆಕೆರೆಲ್ (ವಿಕಿರಣಶೀಲತೆಯ ಅಳತೆಮಾನ). ಅದು ಸಾಧ್ಯವಾಗದ ಕಡೆಯೂ 300 ದಾಟಬಾರದು.

ಮಿತಿ ಮೀರಿದ್ದರೆ ಕಿಟಕಿ ತೆರೆಯಿರಿ. ಮಟ್ಟ ಇಳಿಯುತ್ತದೆ, ಮುಚ್ಚಿದ ಕೆಲವೇ ಗಂಟೆಗಳಲ್ಲಿ ಮತ್ತೆ ಏರುತ್ತದೆ. ಏಕೆಂದರೆ ಬೆಚ್ಚಗಿನ ಗಾಳಿ ಮೇಲೇರಿ ಹೊರಹೋದಂತೆ ಕೆಳಗೆ ಒತ್ತಡ ಕುಗ್ಗಿ, ಮನೆಯೇ ಮಣ್ಣಿನೊಳಗಿನ ಗಾಳಿಯನ್ನು ಹೀರಿಕೊಳ್ಳುತ್ತದೆ. ಮನೆ ಹೀರುವ ಮೊದಲೇ ನಾವು ಹೀರಿ ಹೊರಹಾಕಬೇಕು. ಉಪಾಯ ಇಷ್ಟೇ.

ಕಾಂಕ್ರೀಟ್ ನೆಲಕ್ಕೆ ರಂಧ್ರ ಕೊರೆದು, ಅಡಿಯಲ್ಲಿರುವ ಜಲ್ಲಿ, ಮಣ್ಣನ್ನು ಒಂದೆರಡು ಬಕೆಟ್‌ನಷ್ಟು ತೆಗೆದು ಗುಳಿ ಮಾಡಿಸಿ. ಅದರೊಳಗೆ ಪಿವಿಸಿ ಪೈಪ್ ಇಳಿಸಿ, ಸುತ್ತ ಬಿಗಿಯಾಗಿ ಮುಚ್ಚಿ, ಇನ್ನೊಂದು ತುದಿಯನ್ನು ಚಾವಣಿಗಿಂತ ಮೇಲೆ, ಕಿಟಕಿಗಳಿಂದ ದೂರ ಬಿಡಬೇಕು. ನಡುವೆ ಸದಾ ತಿರುಗುವ ಫ್ಯಾನ್. ಅದು ವಾಸದ ಕೋಣೆಯೊಳಗೆ ಮಾತ್ರ ಬೇಡ: ಫ್ಯಾನ್‌ನಿಂದ ಮೇಲಿನ ಪೈಪ್ ಸೋರಿದರೆ ರೇಡಾನ್ ನೇರ ಮನೆಯೊಳಕ್ಕೇ ಬರುತ್ತದೆ. ಇದು ಅನುಭವಸ್ಥರ ಕೆಲಸ, ಸ್ವಂತ ಸಾಹಸ ಬೇಡ.

ಫ್ಯಾನ್ ಚಾಲೂ ಮಾಡಿ, ದೂರದ ಮೂಲೆಯ ಬಿರುಕಿಗೆ ಊದುಬತ್ತಿ ಹಿಡಿಯಿರಿ. ಹೊಗೆಯ ಎಳೆ ಬಾಗಿ ನೆಲದೊಳಕ್ಕೆ ಇಳಿದರೆ ಸೆಳೆತ ಅಲ್ಲಿಗೂ ತಲುಪಿದೆ. ಬಿರುಕು ಮುಚ್ಚುವ ಸರದಿ ಈಗ. ಸೆಳೆತ ಇನ್ನಷ್ಟು ಬಿಗಿಯಾಗುತ್ತದೆ. ನೆಲಕ್ಕೂ ಮಣ್ಣಿಗೂ ನಡುವೆ ಟೊಳ್ಳು ಜಾಗವಿರುವ ಮನೆಗಳಲ್ಲಿ ಮಣ್ಣಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅದರಡಿಯಿಂದ ಇದೇ ರೀತಿ ಗಾಳಿ ಸೆಳೆಯುತ್ತಾರೆ.

ಒಂದು ದಿನ ಕಳೆದ ಮೇಲೆ, ತಿಂಗಳೊಳಗೆ ಮತ್ತೆ ಅಳೆಯಿರಿ. ಪೈಪ್‌ಗೆ ಅಂಟಿಸಿದ ‘ಯು’ ಆಕಾರದ ಕೊಳವೆಯ ಬಣ್ಣದ ದ್ರವವನ್ನೂ ಆಗಾಗ ನೋಡುತ್ತಿರಿ. ಎರಡೂ ಕಡೆ ಸಮನಾಗಿ ನಿಂತಿದ್ದರೆ ಫ್ಯಾನ್ ಕೆಟ್ಟಿದೆ ಎಂದೇ ತಿಳಿಯಿರಿ.