ಬೀಸುಕಲ್ಲಿಗೆ ಉಳಿ, ರಿಮ್‌ಗೆ ಗ್ರೈಂಡರ್

ಬೀಸುಕಲ್ಲು ನುಣುಪಾದರೆ ಜೋಳ ಹಿಟ್ಟಾಗುವುದಿಲ್ಲ, ಜಾರುತ್ತದೆ. ಉಳಿಯಿಂದ ಕಚ್ಚು ಹೊಡೆಸಲೇಬೇಕು. ಕಾಲು ನೆಲಕ್ಕೆ ತಾಗಿಸದೆ ಕಟ್ಟೆ, ಬಂಡೆ ಹತ್ತಿಸಿ ನೆಗೆಸುವ ಟ್ರಯಲ್ಸ್ ಸೈಕಲ್ಲಿನ ರಿಮ್‌ಗೂ ಇದೇ ಮಾತು. ಕಟ್ಟೆಯ ಅಂಚಿನಲ್ಲಿ ಹಿಂದಿನ ಗಾಲಿಯೊಂದರ ಮೇಲೆ ನಿಂತು ನೆಗೆಯುವಾಗ ಬ್ರೇಕ್ ಒಂದು ಬೆರಳಿನಷ್ಟೂ ಜಾರಬಾರದು. ನುಣುಪು ಅಲ್ಯೂಮಿನಿಯಂ ಮೇಲೆ, ಅದರಲ್ಲೂ ಧಾರವಾಡದ ಜಿಟಿಜಿಟಿ ಮಳೆಯಲ್ಲಿ, ಅದು ಜಾರಿಯೇ ಜಾರುತ್ತದೆ. ಅದಕ್ಕಾಗಿ ಬ್ರೇಕ್ ಪ್ಯಾಡ್ ತಾಗುವ ಪಟ್ಟಿಯ ಮೇಲೆ ಆ್ಯಂಗಲ್ ಗ್ರೈಂಡರ್‌ನಿಂದ, ಅಂದರೆ ತಿರುಗುವ ಡಿಸ್ಕ್ ಇರುವ ಕೈಮಷಿನ್‌ನಿಂದ, ಸಣ್ಣ ಗೀರು ಹಾಕುತ್ತಾರೆ.

ಎಲ್ಲ ಸೈಕಲ್ಲಿಗೂ ಇದು ಹೊಂದುವುದಿಲ್ಲ. ಕ್ರೋಮ್ ಲೇಪದ ಉಕ್ಕಿನ ರಿಮ್‌ಗೆ ಗ್ರೈಂಡರ್ ತಾಗಿಸಿದರೆ ಲೇಪ ಎದ್ದು ತುಕ್ಕು ಹಿಡಿಯುತ್ತದೆ. ಕಾರ್ಬನ್ ರಿಮ್ ಮುಟ್ಟಲೇಬಾರದು. ಡಿಸ್ಕ್ ಬ್ರೇಕ್ ಇದ್ದರೆ ಈ ಕೆಲಸಕ್ಕೆ ಅರ್ಥವೇ ಇಲ್ಲ. ಪೇಟೆಗೆ, ಕಾಲೇಜಿಗೆ ಓಡಾಡುವ ಸೈಕಲ್ಲಿಗೂ ಬೇಡ, ಮಾಮೂಲಿ ರಬ್ಬರ್ ಪ್ಯಾಡನ್ನು ಗೀರುಗಳು ಬೇಗ ತಿಂದುಹಾಕುತ್ತವೆ.

ಮಷಿನ್ ಆರಿಸುವುದು ಸುಲಭ. 4 ಇಂಚಿನ, ಅಂದರೆ 100 ಮಿ.ಮೀ. ಗ್ರೈಂಡರ್ ಸಾಕು, 600ರಿಂದ 700 ವ್ಯಾಟ್ ಧಾರಾಳವಾಯಿತು. ಇಲ್ಲಿ ಒತ್ತಿ ಕೊರೆಯುವುದಿಲ್ಲ, ಮುಟ್ಟಿ ಎತ್ತುವುದು ಅಷ್ಟೇ. ಹಾಗಾಗಿ ಶಕ್ತಿಗಿಂತ ಕೈಗೆ ಹಗುರಾಗಿರುವುದು ಮುಖ್ಯ. ವೇಗ ಇಳಿಸುವ ಗುಂಡಿ ಇರುವ ಮಷಿನ್ ಸಿಕ್ಕರೆ ಇನ್ನೂ ಒಳ್ಳೆಯದು, ನಿಧಾನ ತಿರುಗಿದಷ್ಟೂ ಅಲ್ಯೂಮಿನಿಯಂ ಕಡಿಮೆ ಕಾಯುತ್ತದೆ. ಸ್ವಿಚ್ ಮಾತ್ರ ನೋಡಿ ಕೊಳ್ಳಿ. ಮುಂದಕ್ಕೆ ತಳ್ಳಿದರೆ ಅಲ್ಲೇ ಕೂರುವ ಸ್ವಿಚ್‌ನಲ್ಲಿ ಒಂದು ಅಪಾಯವಿದೆ: ಕೆಲಸದ ನಡುವೆ ಕರೆಂಟ್ ಹೋಗುತ್ತದೆ, ನೀವು ಮಷಿನ್ ನೆಲಕ್ಕಿಟ್ಟು ಒಳಗೆ ಹೋಗುತ್ತೀರಿ, ಕರೆಂಟ್ ಬಂದೊಡನೆ ಅದು ತಾನೇ ತಿರುಗಿ ಅಂಗಳವೆಲ್ಲ ಕುಣಿಯುತ್ತದೆ. ಒತ್ತಿ ಹಿಡಿದಾಗ ಮಾತ್ರ ಓಡುವ ಸ್ವಿಚ್ ಇದ್ದರೆ ಆ ಚಿಂತೆಯಿಲ್ಲ. ಮಾರ್ಬಲ್ ಕಟರ್ ಬೇರೆಯೇ ಮಷಿನ್, ಅಂಗಡಿಯವರು ‘ಎರಡೂ ಒಂದs ರೀ’ ಅಂದರೂ ತರಬೇಡಿ.

ನಿಜವಾದ ಆಯ್ಕೆ ಇರುವುದು ಡಿಸ್ಕ್‌ನಲ್ಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಗ್ರೈಂಡರ್ ಡಿಸ್ಕ್ ಕೇಳಿದರೆ ಮೊದಲು ಕೈಗೆ ಬರುವುದು 1 ಮಿ.ಮೀ. ಕಟಿಂಗ್ ಡಿಸ್ಕ್. ಅದು ಕೊಯ್ಯಲು ಮಾಡಿದ್ದು. ಅಡ್ಡ ಒತ್ತಡ ಬಿದ್ದರೆ ಒಡೆದು ಸಿಡಿಯುತ್ತದೆ. ಉಪ್ಪುಕಾಗದದ ಎಸಳು ಜೋಡಿಸಿದ ಫ್ಲ್ಯಾಪ್ ಡಿಸ್ಕ್ ಬೇಡ, ಒರಟು ಮಾಡುವ ಬದಲು ನಯ ಮಾಡಿಬಿಡುತ್ತದೆ. ಬೇಕಾಗಿರುವುದು 6 ಮಿ.ಮೀ. ದಪ್ಪದ, ನಡುವೆ ತಗ್ಗಿರುವ ಗ್ರೈಂಡಿಂಗ್ ಡಿಸ್ಕ್, 16 ಮಿ.ಮೀ. ತೂತಿನದು. ಅದರ ಮೇಲಿನ ಅಕ್ಷರ ಓದಿ. ‘ಎ 24’ ಎಂದಿದ್ದರೆ ಉಕ್ಕಿಗೆ, ‘ಸಿ 24’ ಅಥವಾ ‘ಸಿ 30’ ಎಂದಿದ್ದರೆ ಕಲ್ಲಿಗೆ. ರಿಮ್‌ಗೆ ಕಲ್ಲಿನ ಡಿಸ್ಕೇ ವಾಸಿ. ಉಕ್ಕಿನ ಡಿಸ್ಕ್‌ನ ಸಂದುಗಳಲ್ಲಿ ಮೆದು ಅಲ್ಯೂಮಿನಿಯಂ ಕರಗಿ ಮೆತ್ತಿಕೊಳ್ಳುತ್ತದೆ. ಅಂಚಿನಲ್ಲಿ ಬೆಳ್ಳಿಯ ಹೊಳಪು ಕಂಡರೆ ಅದು ಕೊರೆಯುತ್ತಿಲ್ಲ, ಬರೀ ಉಜ್ಜಿ ಕಾಯಿಸುತ್ತಿದೆ ಎಂದೇ ತಿಳಿಯಿರಿ. ಅಂಥದ್ದನ್ನು ಎಸೆಯಿರಿ. ನಡುವಿನ ಲೋಹದ ಉಂಗುರದ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಅಚ್ಚಾಗಿರುತ್ತದೆ, ಅದನ್ನೂ ನೋಡಿ. ಡಿಸ್ಕ್‌ನ ಕಣಗಳನ್ನು ಹಿಡಿದಿರುವುದು ರಾಳ. ಮಳೆಗಾಲದ ತೇವಕ್ಕೆ ಅದರ ಬಿಗಿ ಸಡಿಲುತ್ತದೆ. 5 ಇಂಚಿನ ಡಿಸ್ಕ್ ಕೂರಿಸಲು ಗಾರ್ಡ್ ಬಿಚ್ಚುವ ಬುದ್ಧಿವಂತಿಕೆ ಬೇಡವೇ ಬೇಡ.

ಈಗ ಕೆಲಸ. ಗಾಲಿ ಬಿಚ್ಚಿ, ಟೈರ್ ಟ್ಯೂಬ್ ತೆಗೆಯಿರಿ. ರಿಮ್‌ನಲ್ಲಿ ಔಟ್, ಅಂದರೆ ಸೊಟ್ಟ, ಇದ್ದರೆ ಮೊದಲು ಅದನ್ನು ತೆಗೆಸಿ, ಅಡ್ಡಾಡುವ ರಿಮ್‌ನಲ್ಲಿ ಗೀರು ಒಂದು ಕಡೆ ಆಳ, ಒಂದು ಕಡೆ ತೇಲಿಕೆ ಆಗುತ್ತದೆ. ಹೊಸ ರಿಮ್‌ನ ಗೋಡೆ ಸಾಮಾನ್ಯವಾಗಿ 1.5 ಮಿ.ಮೀ. ಆಸುಪಾಸು. ಸವೆದು 1 ಮಿ.ಮೀ.ಗೆ ಬಂದಿದ್ದರೆ ಗ್ರೈಂಡರ್ ಎತ್ತಿಡಿ. ಗಾಳಿಯ ಒತ್ತಡಕ್ಕೆ ಗೋಡೆಯೇ ಹೊರಕ್ಕೆ ಸೀಳಬಹುದು. ಗಾಲಿಯನ್ನು ಗೋಣಿಚೀಲ ಹಾಸಿದ ಬೆಂಚಿನ ಮೇಲೆ ಮಲಗಿಸಿ, ಅಲುಗದಂತೆ ಕಟ್ಟಿ. ಕನ್ನಡಕ, ಮಾಸ್ಕ್, ಗಟ್ಟಿ ಬೂಟು ಇರಲಿ. ಟವೆಲ್, ಸಡಿಲ ತೋಳು ಬೇಡ. ಹೊಸ ಡಿಸ್ಕ್ ಹಾಕಿದ ಮೇಲೆ ಒಂದು ನಿಮಿಷ ಖಾಲಿ ಓಡಿಸಿ, ಆಗ ಅದರ ಎದುರು ಯಾರೂ ನಿಲ್ಲಬಾರದು.

ಮಷಿನ್ ಪೂರ್ತಿ ವೇಗಕ್ಕೆ ಬಂದ ಮೇಲೆ ಡಿಸ್ಕ್‌ನ ಮೂಲೆಯನ್ನು ಪಟ್ಟಿಗೆ ಓರೆಯಾಗಿ ಮುಟ್ಟಿಸಿ, ತಕ್ಷಣ ಎತ್ತಿ. ಕಾದ ಹಂಚನ್ನು ಬೆರಳಿನಿಂದ ಮುಟ್ಟಿ ನೋಡುವಷ್ಟೇ ಹೊತ್ತು. ಡಿಸ್ಕ್ ರಿಮ್‌ನ ಅಂಚಿನಿಂದ ಆಚೆಗೆ ಓಡುವಂತೆ ಹಿಡಿಯಿರಿ. ಅಂಚಿಗೆ ಎದುರಾಗಿ ಓಡಿದರೆ ಕಚ್ಚಿಕೊಂಡು ಮಷಿನ್ ಕೈಯಿಂದ ಹಾರುತ್ತದೆ. ಗೀರಿನಿಂದ ಗೀರಿಗೆ 3 ಮಿ.ಮೀ. ಇರಲಿ. ಅಂದಾಜಿಗೆ ಸ್ಪೋಕ್‌ಗಳನ್ನೇ ನಂಬಿ: 26 ಇಂಚಿನ ರಿಮ್‌ನಲ್ಲಿ ಪಟ್ಟಿಯ ಸುತ್ತಳತೆ ಸುಮಾರು 1.8 ಮೀಟರ್, 36 ಸ್ಪೋಕ್ ಇದ್ದರೆ ಒಂದರಿಂದ ಇನ್ನೊಂದಕ್ಕೆ 5 ಸೆಂ.ಮೀ., ಅಷ್ಟರಲ್ಲಿ ಹದಿನಾರು ಹದಿನೇಳು ಗೀರು. ಉಗುರು ಎಳೆದರೆ ತಡೆಯಬೇಕು, ಸಿಕ್ಕಿಕೊಳ್ಳಬಾರದು; ಆಳ ಇಷ್ಟೇ. ರಿಮ್ ಕೈಗೆ ಬಿಸಿ ತಾಗಿದರೆ ಆರಲು ಬಿಡಿ. ಇನ್ನೊಂದು ಮಗ್ಗುಲಿಗೂ ಅಷ್ಟೇ ಗೀರು, ಅಷ್ಟೇ ಆಳ. ಒಂದು ಕಡೆ ಹೆಚ್ಚಾದರೆ ಪ್ಯಾಡುಗಳು ಸಮನಾಗಿ ಹಿಡಿಯುವುದಿಲ್ಲ.

ಅಲ್ಯೂಮಿನಿಯಂ ಪುಡಿಯನ್ನು ಕಬ್ಬಿಣದ ಪುಡಿಯ ಜೊತೆ ಗುಡ್ಡೆ ಹಾಕಬೇಡಿ. ಎರಡು ಸೇರಿದಲ್ಲಿ ಕಿಡಿ ಬಿದ್ದರೆ ಬೆಂಕಿ ಜೋರು, ಅದರ ಮೇಲೆ ನೀರು ಸುರಿಯುವುದಂತೂ ಬೇಡ. ಒಣ ಪುಡಿ ಗುಡಿಸಿದ ಮೇಲೆ ರಿಮ್ ಒರೆಸಿ, ಚೂಪಾಗಿ ಎದ್ದ ಮುಳ್ಳುಗಳನ್ನು ಒರಟು ಉಪ್ಪುಕಾಗದದಿಂದ ಒಮ್ಮೆ ಮಾತ್ರ ತೀಡಿ. ಪ್ಯಾಡ್ ಗಟ್ಟಿ ರಬ್ಬರಿನದಾಗಿದ್ದರೆ ಪಟ್ಟ ಶ್ರಮವೆಲ್ಲ ನೀರಿನಲ್ಲಿ ಮಾಡಿದ ಹೋಮ. ಟ್ರಯಲ್ಸ್‌ಗೆಂದೇ ಬರುವ ಪಾಲಿಯುರೆಥೇನ್ ಪ್ಯಾಡ್ ಹಾಕಿ, ಅದರ ಮುಖ ರಿಮ್‌ಗೆ ಪೂರ್ತಿ ತಾಗುವಂತೆ ಕೂರಿಸಿ. ಬ್ರೇಕ್ ಹಿಡಿದು ಸೈಕಲ್ ಮುಂದಕ್ಕೆ ತಳ್ಳಿ ನೋಡಿ: ಒಮ್ಮೆ ‘ಕೀ’ ಎಂದು ನಿಂತರೆ ಸರಿ, ಸುಯ್ಯನೆ ಜಾರಿದರೆ ಎಣ್ಣೆ ಅಂಟಿದೆ.

ಮಳೆಗಾಲದಲ್ಲಿ ಕೆಮ್ಮಣ್ಣಾಗಲಿ ಎರೆಮಣ್ಣಾಗಲಿ ಗೀರುಗಳಲ್ಲಿ ತುಂಬಿಕೊಂಡರೆ ಹಿಡಿತ ಹೋಯಿತೆಂದು ಹೊಸದಾಗಿ ಗ್ರೈಂಡ್ ಮಾಡುವವರಿದ್ದಾರೆ. ಅದಕ್ಕೆ ಮೊದಲು ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಬರೀ ನೀರಿನಲ್ಲಿ ತೊಳೆದು ನೋಡಿ. ಒಣಗಿದ ಮೇಲೂ ಪಟ್ಟಿ ಕನ್ನಡಿಯಂತೆ ಮಿಂಚಿದರೆ ಮಾತ್ರ ಮತ್ತೆ ಗ್ರೈಂಡರ್, ಅದೂ ಹಳೆಯ ಗೀರುಗಳ ನಡುವಿನ ಜಾಗದಲ್ಲಿ.